ಬೀಳದ ಎಲೆಕ್ಟ್ರಾನು

ಅರ್ಧ ಬುಟ್ಟಿ ಸಿಗಡಿ ಸುಲಿದಾಗಿತ್ತು. ಕೊಲ್ಲಿ ದೇಶದ ಮುಐದರಿನ ನಮ್ಮ ಮನೆಯ ಅಡುಗೆ ಮೇಜಿನ ಆಚೆ ಬದಿಯಲ್ಲಿ ಮೊಮ್ಮಗಳು ಅಕ್ಷಯಾ ಹನ್ನೊಂದನೇ ತರಗತಿಯ ಪರೀಕ್ಷೆಗೆ ಓದುತ್ತಿದ್ದಳು. ಜಲಜನಕದ ಪರಮಾಣು ಎಂದಳು. ಇದು ನನಗೂ ಗೊತ್ತು ಎಂದು ಕೈ ಒರೆಸಿ, ಬಳೆ ತೆಗೆದಿಟ್ಟು, ಅದರ ನಡುವೆ ಒಳ್ಳೆಮೆಣಸಿನ ಕಾಳೊಂದನ್ನು ಇಟ್ಟೆ. ಕಾಳು ಪ್ರೋಟಾನು, ಎಲೆಕ್ಟ್ರಾನು ಬಳೆಯ ಮೇಲೆ ಸುತ್ತುತ್ತದೆ ಎಂದೆ.

"ಅದು ಓಲ್ಡ್ ಮಾಡೆಲ್ ಅಜ್ಜಿ. ಎಲೆಕ್ಟ್ರಾನಿಗೆ ದಾರಿಯೇ ಇಲ್ಲ. ಎಲ್ಲಿ ಸಿಗ್ಬಹುದು ಅಂತ ಮಾತ್ರ ಹೇಳ್ಲಿಕ್ಕೆ ಆಗ್ತದೆ."

ಚಿತ್ರ ತೋರಿಸಿದಳು. ಜರಡಿಯಿಂದ ಹಿಟ್ಟು ಉದುರಿದ ಹಾಗೆ ಚುಕ್ಕಿಗಳು. ನಡುವೆ ಒತ್ತಾಗಿ, ಹೊರಗೆ ತೆಳ್ಳಗೆ. ಇದು ಗೊತ್ತಾಗಿ ನೂರು ವರ್ಷವಾಯಿತಂತೆ.

ನಾನು ಕಲಿತು ಹದಿನೆಂಟೇ ವರ್ಷ. ಇಲ್ಲೇ ಮದೀನತ್ ಖಲೀಫಾ ಬಡಾವಣೆಯಲ್ಲಿ ಮನೆಗೆಲಸಕ್ಕಿದ್ದಾಗ ನಮ್ಮ ಊರಿನವರು ಫ್ಲಾಟೊಂದರಲ್ಲಿ ನಡೆಸುತ್ತಿದ್ದ ರಾತ್ರಿ ತರಗತಿಗೆ ಸೇರಿ, ಐವತ್ತೊಂದನೇ ವಯಸ್ಸಿನಲ್ಲಿ ಹನ್ನೆರಡನೆಯದು ಪಾಸಾದವಳು. ವಿಜ್ಞಾನ ಕಲಿಸಿದ್ದು ಇಗ್ನೇಶಿಯಸ್ ಸರ್. ಸುತ್ತಿ ಸುತ್ತಿ ಶಕ್ತಿ ಸೋರಿಹೋಗಿ ಎಲೆಕ್ಟ್ರಾನು ನಡುವಿಗೆ ಬೀಳುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. ಒಳ್ಳೆಯ ಪ್ರಶ್ನೆ ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿ, ಬೀಳುವುದಿಲ್ಲ, ಅದರ ನಿಯಮವೇ ಹಾಗೆ ಎಂದಿದ್ದರು. ಆ ಚಪ್ಪಾಳೆಯನ್ನು ಇಷ್ಟು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದೆ.

ಮಂಗಳೂರಿಗೆ ಫೋನು ಮಾಡಿ, ಬಳೆಯ ದಾರಿ ಸುಳ್ಳೆಂದು ಆಗಲೇ ಗೊತ್ತಿತ್ತೇ ಎಂದು ಸರ್ ಅವರನ್ನೇ ಕೇಳಿದೆ.

"ಗೊತ್ತಿತ್ತು ಪ್ರೇಮಕ್ಕ. ಮನೆಗೆಲಸ ಮುಗಿಸಿ ಬರ್ತಿದ್ದವರು ನೀವು, ಇದೆಲ್ಲ ತಲೆಗೆ ಹೋಗ್ಲಿಕ್ಕಿಲ್ಲ ಅಂತ ಕಂಡಿತು. ನಿಮಗೆ ಪಾಸಾದ್ರೆ ಸಾಕಿತ್ತಲ್ವಾ?"

"ಸಾಕು ಅಂತ ನಾನು ಹೇಳಿದ್ದೆನಾ ಸರ್?"

ಅವರು ಮಾತು ಬದಲಿಸಿದರು. ತಮ್ಮ ಅಭಿನಂದನಾ ಗ್ರಂಥಕ್ಕೆ ಹಳೆ ವಿದ್ಯಾರ್ಥಿಗಳೆಲ್ಲರ ಪತ್ರ ಬಂದಿದೆಯಂತೆ, ನನ್ನದೊಂದೇ ಬಾಕಿಯಂತೆ. ನಿಜ. ಅವರಿಗೆ ತಕ್ಕ ಮಾತು ಹೊಳೆಯದೆ ಎಂಟು ತಿಂಗಳಿಂದ ಬರೆದು ಬರೆದು ಹರಿದಿದ್ದೆ.

ಮಧ್ಯಾಹ್ನ ಅಕ್ಷಯಾಳನ್ನು ಕೂರಿಸಿಕೊಂಡು, ಅದು ಯಾಕೆ ಬೀಳುವುದಿಲ್ಲ ಹೇಳಿಕೊಡು ಎಂದೆ. ಎಲೆಕ್ಟ್ರಾನಿನ ಶಕ್ತಿ ಹನಿಹನಿಯಾಗಿ ಸೋರುವುದಿಲ್ಲ, ಅದಕ್ಕೆ ಮೆಟ್ಟಿಲುಗಳಿವೆ. ಕೊನೆಯ ಮೆಟ್ಟಿಲಿನಿಂದ ಕೆಳಗೆ ಇಳಿಯಲು ಇನ್ನೊಂದಿಲ್ಲ. ಹೀಲಿಯಮ್ಮಿನಲ್ಲಿ ಎರಡು ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುವುದರಿಂದ ದೊಡ್ಡ ವಿಜ್ಞಾನಿಗಳೂ ಅಂದಾಜಿನಲ್ಲೇ ಲೆಕ್ಕ ಮಾಡುತ್ತಾರಂತೆ. ಅರ್ಧ ಗಂಟೆ ಹಿಡಿಯಿತು. ಅರ್ಥವಾಯಿತು. ಅಳು ಬಂದದ್ದು ಆಗ. ಅರ್ಧ ಗಂಟೆ ಸಾಕಿತ್ತು.

ಸಂಜೆ ಪತ್ರ ಬರೆದೆ. 'ಐವತ್ತು ದಾಟಿದ ಮೇಲೂ ನನ್ನನ್ನು ಓದಿಸಿದವರು ಇಗ್ನೇಶಿಯಸ್ ಸರ್. ನನಗೆ ಅರ್ಥವಾಗದು ಎಂದು ತಾವೇ ತೀರ್ಮಾನಿಸಿ ಒಂದು ಉತ್ತರವನ್ನು ಬಚ್ಚಿಟ್ಟವರೂ ಅವರೇ. ಉತ್ತರ ಇದು.' ಕೆಳಗೆ ಎರಡು ಪುಟ, ಜಲಜನಕದ್ದು.

ಅಕ್ಷಯಾ ಪುಟಗಳ ಫೋಟೊ ತೆಗೆದು ಓದಿದಳು. ಗ್ರಂಥದ ಸಂಪಾದಕರ ನಂಬರು ಹುಡುಕಿ, ನನ್ನ ಮುಖ ನೋಡಿದಳು.

"ಕಳಿಸ್ಲಾ ಅಜ್ಜಿ? ಸರ್‌ಗೆ ಬೇಜಾರಾಗ್ತದೆ."

"ಆಗಲಿ," ಎಂದೆ. "ಕಳಿಸು."

ಕಳಿಸಿದಳು.