ಬೆಳ್ಳಿ ಕಡಗ

ಗಂಡನ ಊರಾದ ಸೊಕ್ಕೆಯಿಂದ ಮಗಳು ಕರಿಬಸಮ್ಮ ತವರಿಗೆ ಬಂದು ಎಂಟು ದಿನವಾಗಿತ್ತು. ಸೂಳೆಕೆರೆ ಬಯಲಿನ ಆ ಮನೆಯಲ್ಲಿ ತಾಯಿ ಉಚ್ಚಂಗೆಮ್ಮ ದಿನವೂ ಊಟವಾದ ಮೇಲೆ ಮಗಳ ಪಕ್ಕ ಕೂತು, ಅವಳ ಬಲಗೈಯ ಬೆಳ್ಳಿ ಕಡಗವನ್ನು ಎರಡು ಬೆರಳಲ್ಲಿ ಮೇಲಕ್ಕೆ ಸರಿಸುತ್ತಿದ್ದಳು. ಅದು ನಿಂತಲ್ಲಿ ಒಂದಿಷ್ಟು ಹೊತ್ತು ಹಿಡಿದು, ಮತ್ತೆ ಕೆಳಗೆ ಬಿಡುತ್ತಿದ್ದಳು.

ತಂಗಿ ಗಿಡ್ಡಮ್ಮನ ಮದುವೆ ಮುಂದಿನ ತಿಂಗಳಿತ್ತು. ಯುದ್ಧ ಶುರುವಾದ ಮೇಲೆ ಬೆಳ್ಳಿ ತುಟ್ಟಿ. ಬಾಯಿಬಿಟ್ಟು ಕೇಳಲಾರದೆ ಅವ್ವ ಮುಟ್ಟಿ ಮುಟ್ಟಿ ನೋಡುತ್ತಿದ್ದಾಳೆ ಎಂದುಕೊಂಡಳು ಕರಿಬಸಮ್ಮ.

ಅತ್ತೆಮನೆಯ ಐವರು ಸೊಸೆಯರಲ್ಲಿ ಅವಳೇ ಕಿರಿಯಳು. ಎಲ್ಲರೂ ಉಂಡಮೇಲೆ ಗಡಿಗೆಯ ತಳದಲ್ಲಿ ಉಳಿದದ್ದು ಅವಳ ಪಾಲು. ಅದನ್ನು ಅವ್ವನಿಗೆ ಹೇಳಿರಲಿಲ್ಲ. ಹಿರಿಮಗಳು ಗಂಡನ ಮನೆ ಬಿಟ್ಟು ಬಂದಳೆಂದು ಸುದ್ದಿಯಾದರೆ ತಂಗಿಯ ಸಂಬಂಧ ಮುರಿದೀತೆಂಬ ಹೆದರಿಕೆ.

ಒಂಬತ್ತನೆಯ ದಿನ ಗಂಡ ತಿಪ್ಪೇಶಪ್ಪ ಕರೆಯಲು ಬಂದು ಜಗಲಿಯ ಮೇಲೆ ಕೂತ. ಒಳಗೆ ಅವ್ವ ಬುತ್ತಿ ಕಟ್ಟುತ್ತಿದ್ದಳು. ಕರಿಬಸಮ್ಮ ಕಡಗ ತೆಗೆದು ಚಾಚಿದಳು.

"ತಗಾ ಅವ್ವಾ. ಗಿಡ್ಡಿಗೆ ಹಾಕು."

ಉಚ್ಚಂಗೆಮ್ಮನ ಕಣ್ಣು ಕಡಗದ ಮೇಲೆ ಹೋಗಲಿಲ್ಲ, ಕೈಯ ಮೇಲೆ ನಿಂತಿತು.

"ಹೆಂಗೆ ಕಳಚಿ ಬಂತೇ ಇದು? ಮದ್ವ್ಯಾಗೆ ಹರಳೆಣ್ಣೆ ಹಚ್ಚಿ, ನೀನು ಅತ್ತು, ನಾನು ಬೈದು ಏರಿಸಿದ್ದು."

"ಬೆಳ್ಳಿ ಬೇಕಂತ ಅಲ್ವಾ ದಿನಾ ನೋಡ್ತಿದ್ದಿ?"

"ಬೆಳ್ಳಿ ನೋಡಾಕೆ ನಾನೇನು ಅಕ್ಕಸಾಲಿಗನಾ? ಬಂದ ದಿನ ಮೊಣಕೈ ತನಕ ಹೋತು. ಎಂಟು ದಿನ ಉಂಡ ಮ್ಯಾಲೆ ಎರಡು ಬೆರಳು ಕೆಳಗೆ ನಿಂತೈತೆ. ನೀನು ಬಾಯಿ ಬಿಡ್ತೀಯೇನೋ ಅಂತ ಕಾದೆ."

ಕರಿಬಸಮ್ಮ ನೆಲ ನೋಡಿದಳು. "ಗಿಡ್ಡಿ ಸಂಬಂಧ ಹೋದ್ರೆ?"

"ಹೋಗ್ಲಿ. ಇಷ್ಟಕ್ಕೆ ಮುರಿಯೋ ಮನೆಗೆ ಅವಳ್ನ ಕೊಟ್ಟು, ಇನ್ನೊಂದು ಕೈ ಅಳೀತಾ ಕೂರಾಕೆ ನನಗಾಗಲ್ಲ."

ಉಚ್ಚಂಗೆಮ್ಮ ಕಡಗ ಹಿಡಿದು ಜಗಲಿಗೆ ಬಂದಳು.

"ಅಳಿಯಂದಿರೇ, ಉಂಡು ಹೊರಡ್ರಿ. ಅವಳು ಈಗ ಬರಲ್ಲ."

"ಮತ್ಯಾವಾಗ ಅತ್ತೆ? ಮನ್ಯಾಗೆ ಕೇಳ್ತಾರೆ."

"ಎಣ್ಣೆ ಹಚ್ಚದೆ ಇದು ಕೈಗೆ ಏರದಂಗೆ ಆಗ್ಲಿ. ಆವತ್ತು ಹೇಳಿ ಕಳಿಸ್ತೀನಿ, ಬರ್ರಿ."

ತಿಪ್ಪೇಶಪ್ಪ ಕಡಗವನ್ನು ನೋಡಿದ. ಮನೆಯಲ್ಲಿ ಮೊದಲ ಸಾಲಿನಲ್ಲಿ ಕೂತು ಉಣ್ಣುವವನು ಅವನು. ತಲೆ ತಗ್ಗಿಸಿದ.

ಒಳಗೆ ಬಂದ ಉಚ್ಚಂಗೆಮ್ಮ ಕಟ್ಟಿದ ಬುತ್ತಿಯನ್ನು ಬಿಚ್ಚಿ ಮಗಳ ಮುಂದಿಟ್ಟಳು. ಕರಿಬಸಮ್ಮ ಬರಿಗೈಯಲ್ಲಿ ರೊಟ್ಟಿ ಮುರಿದಳು.