ಚೀಟಿಯಲ್ಲಿ ಬರೆಯದ ಕಲೆ

ಲಾಂಡ್ರಿಯ ಅಕ್ಕನಿಗೆ ತಮ್ಮನ ಹಳೇ ವಕೀಲನನ್ನು ಕಂಡರೆ ವಾಕರಿಕೆ. ಅವನ ಅತ್ತರಿನ ವಾಸನೆ ಮೂಗಿಗೆ ಬಡಿದರೆ ಸಾಕು, ಬೆಳಗ್ಗೆ ಕುಡಿದ ಚಹಾ ಗಂಟಲಿಗೆ ಬರುತ್ತಿತ್ತು. ಇವತ್ತು ಆ ಆಸಾಮಿ ಮೇಲಿನ ಕೋರ್ಟಿನ ವರಾಂಡದಲ್ಲೇ ಹಲ್ಲು ಕಿರಿಯುತ್ತ ನಿಂತಿದ್ದ. ಥೂ, ಅವನ ಮುಖಕ್ಕಿಷ್ಟು!

ನಡೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಕೋಟು ಸುಟ್ಟಿದೆಯೆಂದು ಗಿರಾಕಿಯೊಬ್ಬ ಅಂಗಡಿಗೆ ಬಂದು ಎಗರಾಡಿದ, ಅಕ್ಕನನ್ನು ಬಾಯಿಗೆ ಬಂದಂತೆ ಬೈದ. ಇಸ್ತ್ರಿ ಮಾಡುತ್ತಿದ್ದ ತಮ್ಮ ಎದ್ದು ಬಂದು ಅವನನ್ನು ಒಮ್ಮೆ ತಳ್ಳಿದ. ಗಿರಾಕಿಯ ತಲೆ ಮೆಟ್ಟಿಲಿಗೆ ಬಡಿಯಿತು. ಮೂರನೇ ದಿನ ಸತ್ತ. ಕೆಳಗಿನ ಕೋರ್ಟು ನರಹತ್ಯೆಯೆಂದು ಎಂಟು ವರ್ಷ ಜಡಿಯಿತು. ಬರೀ ಹಲ್ಲೆ ಎಂದಾಗಿದ್ದರೆ ಹೆಚ್ಚೆಂದರೆ ಎರಡು ವರ್ಷ. ಅಷ್ಟನ್ನು ತಮ್ಮ ಆಗಲೇ ಜೈಲಿನಲ್ಲಿ ಕಳೆದಿದ್ದ. ಇವತ್ತು ಅಪೀಲು ಗೆದ್ದರೆ ಸಂಜೆಗೆ ಮನೆಯಲ್ಲಿರುತ್ತಾನೆ.

ಹೊಸ ವಕೀಲೆ ಎದ್ದು ನಿಂತಳು. "ಮಹಾಸ್ವಾಮಿ, ನರಹತ್ಯೆಯ ಆರೋಪದೊಳಗೇ ಹಲ್ಲೆಯೂ ಇದೆ. ಆ ಸಣ್ಣ ಅಪರಾಧವನ್ನು ಕೆಳಗಿನ ಕೋರ್ಟು ನೋಡಲೇ ಇಲ್ಲ."

"ನೋಡಲಿಲ್ಲವೋ, ನೋಡಬೇಡಿ ಅಂದಿರೋ?" ನ್ಯಾಯಾಧೀಶರು ಕಡತದಿಂದ ಒಂದು ಹಾಳೆ ಎತ್ತಿದರು. "ಹಲ್ಲೆಯನ್ನು ಪರಿಗಣಿಸೋದು ಬೇಡ, ನರಹತ್ಯೆ ಇಲ್ಲವೇ ಬಿಡುಗಡೆ, ಎರಡರಲ್ಲಿ ಒಂದಾಗಲಿ ಅಂತ ಆರೋಪಿಯೇ ಬರೆದುಕೊಟ್ಟಿದ್ದಾನಲ್ಲಮ್ಮ. ಆಗ ಜೂಜಾಡಿ, ಸೋತ ಮೇಲೆ ಈಗ ಬೇಕು ಅಂದ್ರೆ ಹೇಗೆ?"

ಅಪೀಲು ವಜಾ ಆಯಿತು.

ಹೊರಗೆ ಬಂದಾಗ ಅತ್ತರಿನವನು ಹತ್ತಿರ ಸರಿದ. "ನಾನೇನು ಮಾಡ್ಲಿ ಅಕ್ಕಾ? ಎರಡೂ ದಾರಿ ಹೇಳಿದ್ದೆ. ಆರಿಸ್ಕೊಂಡಿದ್ದು ನೀವೇ ಅಲ್ವಾ?" ಎಂದು ಕೈ ಕೊಡವಿ ಹೊರಟೇಹೋದ.

ಅಯ್ಯೋ, ಹೌದಲ್ಲ! ಇಪ್ಪತ್ತೈದು ವರ್ಷದಿಂದ ಬಟ್ಟೆ ತಗೊಳ್ಳುವಾಗ ದೀಪಕ್ಕೆ ಹಿಡಿದು, ಸಾಸಿವೆಯಷ್ಟು ಕಲೆಯಿದ್ದರೂ ಚೀಟಿಯಲ್ಲಿ ಬರೆದು ಗಿರಾಕಿಯ ಸಹಿ ಹಾಕಿಸುವವಳು ಅವಳು. "ಸಣ್ಣದನ್ನ ಮೊದಲೇ ಬರೆದಿಟ್ಕೋ, ದೊಡ್ಡದು ತಲೆಗೆ ಬರಲ್ಲ" ಎಂದು ತಮ್ಮನಿಗೆ ಕಲಿಸಿದವಳೂ ಅವಳೇ. ಕೆಳಗಿನ ಕೋರ್ಟಿನ ವಿಚಾರಣೆಯ ಹೊತ್ತಿಗೆ ಈ ವಕೀಲನ ಕೋಣೆಯಲ್ಲಿ, ಜಾಮೀನಿನ ಮೇಲಿದ್ದ ತಮ್ಮ ಅದನ್ನೇ ಹೇಳಿದ್ದ: "ಅಕ್ಕಾ, ತಳ್ಳಿದ್ದು ನಿಜ. ಅಷ್ಟನ್ನ ಬರೆಸಿಬಿಡೋಣ."

"ಬಾಯ್ಮುಚ್ಚು! ಹಲ್ಲೆ ಅಂತ ಒಪ್ಕೊಂಡ್ರೆ ನಮ್ಮಂಗಡಿಗೆ ಯಾವ ನಾಯಿ ಬರುತ್ತೆ? ಹಾಕೋ ಸಹಿ" ಅಂದಿದ್ದಳು ಮಹಾತಾಯಿ.

ಇಬ್ಬರು ಪೊಲೀಸರ ನಡುವೆ ತಮ್ಮ ಹೊರಬಂದ. ಅವಳ ಮುಖ ನೋಡಿ ಒಂದು ಗಳಿಗೆ ನಿಂತ.

"ಬಿಡಕ್ಕಾ, ನೊಂದ್ಕೋಬೇಡ. ನೀನು ಹೇಳಿದ್ಮೇಲೆ ಸರಿಯಾಗೇ ಇರುತ್ತೆ ಅಂತ ತಾನೇ ನಾನು ಸಹಿ ಹಾಕಿದ್ದು?"

ಅವನನ್ನು ಕರೆದುಕೊಂಡು ಹೋದರು. ಅತ್ತರಿನವನು ಆಗಲೇ ಮೆಟ್ಟಿಲಿಳಿದು ಹೋಗಿದ್ದ, ವಾಸನೆಯೂ ಉಳಿದಿರಲಿಲ್ಲ. ಅಕ್ಕನ ವಾಕರಿಕೆ ಮಾತ್ರ ನಿಲ್ಲಲಿಲ್ಲ.