ಯಾರೂ ಕೇಳದ ಪಾಲು

ಪತ್ರ ಬಂದದ್ದು ತಮ್ಮನ ಹೆಸರಿಗೆ, ಒಡೆದದ್ದು ಅಕ್ಕ. ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕುವವಳು. ಮನೆಯ ಕಾಗದಪತ್ರವೆಲ್ಲ ಅವಳದೇ ಉಸ್ತುವಾರಿ. ತಮ್ಮ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ. ಆರು ವರ್ಷದ ಹಿಂದೆ ಏಣಿಯಿಂದ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಸರ್ಕಾರದಿಂದ ಮಾಸಾಶನ ಬರುತ್ತಿತ್ತು. ಆ ಯೋಜನೆಯಲ್ಲೇ ಒಬ್ಬ ಸಹಾಯಕನೂ ಬರುತ್ತಿದ್ದ. ದಿನಾ ಬೆಳಿಗ್ಗೆ ಏಳಕ್ಕೆ ಬಂದು ತಮ್ಮನನ್ನು ಎತ್ತಿ, ಮೈ ಒರೆಸಿ, ಗಾಲಿಕುರ್ಚಿಯಲ್ಲಿ ಕೂರಿಸಿ ಹೋಗುತ್ತಿದ್ದ.

ಪತ್ರದ ಪ್ರಕಾರ, ನಾಲ್ಕು ವರ್ಷದ ಹಿಂದೆ ತೀರಿಕೊಂಡ ಸೋದರತ್ತೆ ತನ್ನ ನೂಲಿನ ಅಂಗಡಿ ಮಾರಿದ ದುಡ್ಡನ್ನೆಲ್ಲ ತಮ್ಮನಿಗೆ ಬರೆದಿಟ್ಟಿದ್ದಳಂತೆ. ಅಪ್ಪನ ಜೊತೆ ಜಗಳವಾಡಿ ಮಾತು ಬಿಟ್ಟಿದ್ದ ಅತ್ತೆ. ಹಳೆಯ ವಿಳಾಸಕ್ಕೆ ಹೋದ ಪತ್ರಗಳೆಲ್ಲ ವಾಪಸಾಗಿ ದುಡ್ಡು ಹಾಗೇ ಬಿದ್ದಿತ್ತು. ಇನ್ನು ಅರವತ್ತು ದಿನದೊಳಗೆ ಯಾರೂ ಕೇಳದಿದ್ದರೆ ಅದು ಸರ್ಕಾರದ ಪಾಲು.

ಅಕ್ಕನಿಗೆ ಖುಷಿಯಾಗಲಿಲ್ಲ, ಹೆದರಿಕೆಯಾಯಿತು. ಆಸ್ತಿಯಿಲ್ಲ ಎಂದು ಬರೆದುಕೊಟ್ಟವರಿಗೆ ಮಾತ್ರ ಮಾಸಾಶನ. ದುಡ್ಡು ಬಂದರೆ ಅದು ನಿಲ್ಲುತ್ತದೆ, ಸಹಾಯಕನೂ ನಿಲ್ಲುತ್ತಾನೆ. ಕೈಗೆ ಬಂದದ್ದು ಎರಡು ಮೂರು ವರ್ಷಕ್ಕೆ ಕರಗಿದರೆ ಮತ್ತೆ ಅರ್ಜಿ ಹಾಕಬೇಕು, ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಮೊದಲ ಸಲ ಆ ಸಾಲಿಗೇ ಹದಿನಾಲ್ಕು ತಿಂಗಳು ಹಿಡಿದಿತ್ತು. ಅವಳು ಪತ್ರವನ್ನು ಕಪಾಟಿನ ಸೀರೆಗಳ ಅಡಿಯಲ್ಲಿಟ್ಟಳು.

ಅಂದಿನಿಂದ ಬಾಗಿಲು ಬಡಿದರೆ ಸಾಕು, ಅವಳ ಕಣ್ಣು ಕಪಾಟಿನ ಕಡೆ ಹೋಗುತ್ತಿತ್ತು. ಸಹಾಯಕ ಎಂದಿನಂತೆ "ಏನಕ್ಕಾ, ಸಮಾಚಾರ?" ಎಂದರೂ ಇವನಿಗೆ ಗೊತ್ತಾಗಿದೆಯೇನೋ ಎಂಬ ಅನುಮಾನ. ಕೊನೆಗೆ ತಡೆಯಲಾರದೆ ಲಾಂಡ್ರಿಯ ಗೆಳತಿಗೆ ಹೇಳಿಕೊಂಡಳು.

"ಇಷ್ಟೇ ತಾನೆ? ಬೇಡ ಅಂತ ಅವನ ಕೈಲಿ ಬರೆಸ್ಕೊಂಡು ನಿನ್ನ ಹೆಸರಿಗೆ ಮಾಡ್ಸ್ಕೋ. ನೀನೇನು ಅವನನ್ನ ಬಿಟ್ಟು ತಿಂತೀಯಾ?" ಎಂದಳು ಗೆಳತಿ.

ಆ ಮಾತು ಮೂರು ದಿನ ತಲೆ ಕೊರೆಯಿತು. ನಾಲ್ಕನೆಯ ದಿನ ಅವಳು ರಜೆ ಹಾಕಿ ಮಾಸಾಶನದ ಕಚೇರಿಗೆ ಹೋದಳು. ಕಿಟಕಿಯಾಚೆ ಕುಳಿತಿದ್ದ ಗುಮಾಸ್ತೆಗೆ, ತನ್ನ ಗೆಳತಿಯೊಬ್ಬಳ ಕಷ್ಟವೆಂದು ಎಲ್ಲವನ್ನೂ ಹೇಳಿದಳು. ಗುಮಾಸ್ತೆ ಕನ್ನಡಕ ತೆಗೆದಿಟ್ಟು ಕೇಳಿಸಿಕೊಂಡಳು.

"ಬೇಡ ಅಂತ ಬಿಟ್ಕೊಟ್ರೂ ಬಂದ ಹಾಗೇನೇ ಲೆಕ್ಕ. ಮುಚ್ಚಿಟ್ಟಿದ್ದು ಗೊತ್ತಾದ್ರೆ ಹಿಂದೆ ಕೊಟ್ಟಿದ್ದನ್ನೂ ವಾಪಸ್ ಕೇಳ್ತಾರೆ."

ಅಕ್ಕ ಕಿಟಕಿಗೆ ಇನ್ನಷ್ಟು ಹತ್ತಿರ ಬಾಗಿದಳು.

"ಹಾಗಾದ್ರೆ ದಾರೀನೇ ಇಲ್ವಾ?"

"ಇದೆ. ಅವನ ಹೆಸರಲ್ಲಿ ಟ್ರಸ್ಟ್ ಮಾಡಿಸ್ಬಹುದು. ದುಡ್ಡು ಅದರಲ್ಲೇ ಇರುತ್ತೆ, ಅವನ ಅನುಕೂಲಕ್ಕೆ ಮಾತ್ರ ಖರ್ಚು. ನಮ್ಮ ಒಪ್ಪಿಗೆ ಸಿಕ್ರೆ ಮಾಸಾಶನ ನಿಲ್ಲಲ್ಲ. ಹಿಂದಿನ ಕಟ್ಟಡದಲ್ಲಿ ಉಚಿತ ವಕೀಲರಿದ್ದಾರೆ." ಗುಮಾಸ್ತೆ ದನಿ ತಗ್ಗಿಸಿದಳು. "ಅಂದ ಹಾಗೆ, ನಿಮ್ಮ ಗೆಳತಿಯ ತಮ್ಮನಿಗೆ ವಿಷಯ ಗೊತ್ತಾ?"

ಅಕ್ಕ ಚೀಲ ಎತ್ತಿಕೊಂಡು ಹೊರಟುಬಂದಳು.

ಅಂದು ಸಂಜೆ ಗುಮಾಸ್ತೆ ಹೇಳಿದ್ದನ್ನೆಲ್ಲ ಹೇಳಿ, ಪತ್ರವನ್ನು ತಮ್ಮನ ತೊಡೆಯ ಮೇಲಿಟ್ಟಳು. ಅವನು ಎರಡು ಸಲ ಓದಿದ. ತಾರೀಖಿನ ಮೇಲೆ ಬೆರಳಿಟ್ಟ.

"ಇಪ್ಪತ್ತೆರಡು ದಿನ ಆಯ್ತಲ್ಲ ಅಕ್ಕ."

"ನಿನಗೆ ಯಾಕೆ ತಲೆಬಿಸಿ ಅಂತ…"

"ಮುರಿದಿರೋದು ನನ್ನ ಬೆನ್ನು. ತಲೆ ನೆಟ್ಟಗೇ ಇದೆ."

ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವನು ಸಮಾಧಾನ ಮಾಡಲಿಲ್ಲ, ಪತ್ರವನ್ನು ಮಡಚಿ ಜೇಬಿಗಿಟ್ಟ. "ಅಪ್ಪನಿಗೆ ಗೊತ್ತಾಗದ ಹಾಗೆ ಅತ್ತೆಯ ಅಂಗಡಿಗೆ ಬೋರ್ಡ್ ಬರ್ಕೊಟ್ಟಿದ್ದೆ. ದುಡ್ಡು ತಗೊಂಡಿರಲಿಲ್ಲ" ಎಂದ. ಆಮೇಲೆ, "ನಾಳೆ ವಕೀಲರ ಹತ್ರ ಹೋಗೋಣ. ನಾನೇ ಮಾತಾಡ್ತೀನಿ" ಎಂದ.

ವಕೀಲರು ದುಡ್ಡು ಕೇಳಿ ಒಂದು, ಟ್ರಸ್ಟಿಗೆ ಒಂದು ಅರ್ಜಿ ಬರೆದುಕೊಟ್ಟರು. ತೀರ್ಮಾನವಾಗುವವರೆಗೆ ಕಚೇರಿಯವರು ಮಾಸಾಶನವನ್ನೂ ಸಹಾಯಕನನ್ನೂ ತಡೆಹಿಡಿದರು. ಅವಳು ಹೆದರಿದ್ದೇ ಆಯಿತು. ಏಳು ವಾರ ಅಕ್ಕನೇ ಅವನನ್ನು ಎತ್ತಿದಳು. ಒಂದು ಬೆಳಿಗ್ಗೆ ಕಾಲು ಜಾರಿ ಇಬ್ಬರೂ ನೆಲಕ್ಕೆ ಬಿದ್ದರು. ಪಕ್ಕದ ಮನೆಯವರು ಬರುವವರೆಗೆ ಅರ್ಧ ಗಂಟೆ ಅಲ್ಲೇ ಒರಗಿ ಕುಳಿತಿದ್ದರು. "ಪತ್ರ ಕಪಾಟಲ್ಲೇ ಇದ್ದಿದ್ರೆ ಚೆನ್ನಾಗಿತ್ತೇನೋ" ಎಂದು ಅವಳ ನಾಲಿಗೆಯ ತುದಿಗೆ ಬಂದಿತ್ತು.

ಎಂಟನೆಯ ವಾರ ಒಪ್ಪಿಗೆ ಬಂತು. ಸಹಾಯಕ ಮರುದಿನವೇ ಹಾಜರಾದ. ಟ್ರಸ್ಟಿನ ದುಡ್ಡಿನಿಂದ ತಮ್ಮ ಮೊದಲು ಮಾಡಿಸಿದ್ದು ಬಚ್ಚಲುಮನೆ. ಬಾಗಿಲು ಅಗಲವಾಯಿತು, ಗೋಡೆಗೆ ಹಿಡಿಕೆಗಳು ಬಂದವು, ಷವರಿನ ಕೆಳಗೆ ಕೂರಲು ಗಟ್ಟಿ ಪೀಠ.

ಮೊದಲ ದಿನ ಅವನು ಒಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಅಕ್ಕ ಟವಲು ಹಿಡಿದು ಹೊರಗೆ ನಿಂತಳು. ನೀರಿನ ಸದ್ದು ನಿಂತಾಗಲೆಲ್ಲ ಬಾಗಿಲಿಗೆ ಕಿವಿಗೊಡುತ್ತಿದ್ದಳು.

"ಇದ್ದೀಯೇನೋ?"

"ಇಲ್ಲದೆ ಎಲ್ಲಿಗೆ ಹೋಗ್ಲಿ? ಹೋಗಿ ಕೆಲಸ ನೋಡ್ಕೋ ಅಕ್ಕ. ನನಗಿನ್ನೂ ತುಂಬಾ ಹೊತ್ತು ಆಗುತ್ತೆ."

ಅವಳು ಹೋಗಲಿಲ್ಲ. ಸದ್ದಾಗದಂತೆ ಅಲ್ಲೇ ನೆಲದ ಮೇಲೆ ಕುಳಿತಳು.